ಬಿಂದುವಿನ ಹಿಂದಿನ ನೆಲ: ರಝಾ ಸಿಂಹಾವಲೋಕನದ ಹಿನ್ನೆಲೆ

ಪ್ಯಾರಿಸ್ಸಿನ ಪಾಂಪಿಡೂ ಕೇಂದ್ರದಲ್ಲಿ 2023ರ ಫೆಬ್ರುವರಿ 15ರಿಂದ ಮೇ 15ರವರೆಗೆ ಸೈಯದ್ ಹೈದರ್ ರಝಾ ಅವರ ಚಿತ್ರಗಳ ದೊಡ್ಡ ಪ್ರದರ್ಶನ ನಡೆಯಿತು. ನೂರರ ಆಸುಪಾಸಿನಷ್ಟು ಕೃತಿಗಳು ಅಲ್ಲಿದ್ದವು. ಅವುಗಳಲ್ಲಿ ಹಲವು ಭಾರತದ ಸಂಗ್ರಹಗಳಿಂದ ಎರವಲು ಬಂದವು. 1950ರಲ್ಲಿ ವಿದ್ಯಾರ್ಥಿವೇತನದ ಮೇಲೆ ಅದೇ ನಗರಕ್ಕೆ ಬಂದಿಳಿದು, ಅರವತ್ತು ವರ್ಷ ಫ್ರಾನ್ಸಿನಲ್ಲೇ ಬಾಳಿ, ಅಲ್ಲಿಯೇ ಮದುವೆಯಾಗಿ, ಅಲ್ಲಿನ ವಿಮರ್ಶಕರ ಪ್ರಶಸ್ತಿಯನ್ನೂ ಪಡೆದಿದ್ದ ಒಬ್ಬ ಚಿತ್ರಕಾರನ ಸಿಂಹಾವಲೋಕನಕ್ಕೆ ಆ ನಗರದ ಪ್ರಮುಖ ಮ್ಯೂಸಿಯಂ ಒಂದು ಬಾಗಿಲು ತೆರೆಯುವ ಹೊತ್ತಿಗೆ ಅವರು ತೀರಿಕೊಂಡು ಆರು ವರ್ಷ ಕಳೆದಿತ್ತು. ಇದಕ್ಕೆ ಐದು ವರ್ಷ ಮೊದಲು, 2018ರಲ್ಲಿ, ಮುಂಬೈಯ ಪಿರಾಮಲ್ ಮ್ಯೂಸಿಯಂ ಆಫ್ ಆರ್ಟ್ ‘ಟ್ರಾವರ್ಸಿಂಗ್ ಟೆರೇನ್ಸ್’ ಎಂಬ ಹೆಸರಿನಲ್ಲಿ ರಝಾ ಅವರ ಸಿಂಹಾವಲೋಕನವನ್ನು ಏರ್ಪಡಿಸಿತ್ತು. ಹೆಸರೇ ಹೇಳುವಂತೆ ಅದು ಹಿಡಿದಿದ್ದ ಎಳೆ ನೆಲದ್ದು. ರಝಾ ಎಂದೊಡನೆ ಕಣ್ಣಿಗೆ ಬರುವ ‘ಬಿಂದು’ವನ್ನು, ಅಂದರೆ ಕಪ್ಪು ವೃತ್ತವನ್ನು, ಸ್ವಲ್ಪ ಬದಿಗಿಟ್ಟು, ಅವರನ್ನು ನಿಸರ್ಗಚಿತ್ರಕಾರರೆಂದು ನೋಡುವ ಪ್ರಯತ್ನ ಅದಾಗಿತ್ತು. ಈ ನೋಟಕ್ಕೆ ಇಷ್ಟು ತಡವಾದದ್ದೇಕೆ ಎಂಬುದನ್ನು ತಿಳಿಯಲು ಅವರು ನೆಲದಿಂದ ನೆಲಕ್ಕೆ ನಡೆದ ದಾರಿಯನ್ನೇ ಹಿಂಬಾಲಿಸಬೇಕು.

ಸಿಂಹಾವಲೋಕನವೆಂಬುದು ಕನ್ನಡದಲ್ಲಿ ಸವೆದುಹೋದ ಮಾತು; ವಾರ್ಷಿಕ ವರದಿಗಳಿಗೂ ನಾವು ಅದನ್ನು ಅಂಟಿಸುತ್ತೇವೆ. ಕಲಾಪ್ರದರ್ಶನಗಳ ವಿಷಯದಲ್ಲಿ ಮಾತ್ರ ಆ ಪದದೊಳಗಿನ ಚಿತ್ರಕ್ಕೆ ಇನ್ನೂ ಜೀವವಿದೆ. ನಡೆಯುತ್ತ ನಡೆಯುತ್ತ ಸಿಂಹ ನಿಂತು, ಕತ್ತು ಹೊರಳಿಸಿ, ತಾನು ಬಂದ ದಾರಿಯನ್ನು ನೋಡುತ್ತದೆ. ಗ್ಯಾಲರಿಯ ಪ್ರದರ್ಶನದಲ್ಲಿ ಕಾಣುವುದು ಕಲಾವಿದ ಈಚೆಗೆ ಮಾಡಿದ್ದು, ಮಾರಾಟಕ್ಕಿರುವುದು. ಮ್ಯೂಸಿಯಂ ನಡೆಸುವ ಸಿಂಹಾವಲೋಕನದಲ್ಲಿ ಹತ್ತಾರು ಮಾಲೀಕರ ಮನೆಗಳಲ್ಲಿ, ಬೇರೆ ಬೇರೆ ದೇಶಗಳಲ್ಲಿ ಚದುರಿಹೋದದ್ದು ಕೆಲವು ತಿಂಗಳ ಮಟ್ಟಿಗೆ ಒಂದು ಸೂರಿನಡಿ ಕಾಲಕ್ರಮದಲ್ಲಿ ಸೇರುತ್ತದೆ. ಒಂದೇ ಊರಿನಲ್ಲಿ ಕುಳಿತು ಕೆಲಸ ಮಾಡಿದ ಚಿತ್ರಕಾರರಿಗಿಂತ ಊರೂರು ಬದಲಿಸಿದವರಿಗೆ ಇದರ ಅಗತ್ಯ ಹೆಚ್ಚು. ರಝಾ ಅವರ ಮುಂಬೈ ಕಾಲದ ಚಿತ್ರಗಳನ್ನು ಬಲ್ಲವರು ಅವರ ಐವತ್ತರ ದಶಕದ ಫ್ರೆಂಚ್ ಚಿತ್ರಗಳನ್ನು ಕಂಡಿರಲಿಲ್ಲ. ಅವನ್ನು ಕೊಂಡಿದ್ದ ಫ್ರೆಂಚ್ ಕುಟುಂಬಗಳಿಗೆ ಮುಂಬೈಯ ಮಳೆ ಗೊತ್ತಿರಲಿಲ್ಲ.

ರಝಾ ಹುಟ್ಟಿದ್ದು 1922ರ ಫೆಬ್ರುವರಿ 22ರಂದು, ಇಂದಿನ ಮಧ್ಯಪ್ರದೇಶದ ಮಂಡ್ಲಾ ಜಿಲ್ಲೆಯ ಒಂದು ಹಳ್ಳಿಯಲ್ಲಿ. ತಂದೆ ಅರಣ್ಯ ಇಲಾಖೆಯಲ್ಲಿದ್ದರು. ಮನೆಯ ಸುತ್ತ ಕಾಡು, ಹತ್ತಿರದಲ್ಲೇ ನರ್ಮದೆ. ರಾತ್ರಿಯ ಕಾಡಿನ ಭಯವನ್ನೂ, ಬೆಳಗಾದಾಗ ಮರಳಿ ಬರುವ ಬಣ್ಣವನ್ನೂ, ಗೊಂಡರ ಕುಣಿತವನ್ನೂ ಅವರು ಮುಂದೆ ಎಷ್ಟೋ ಸಂದರ್ಶನಗಳಲ್ಲಿ ನೆನೆದಿದ್ದಾರೆ. ಇದೇ ಬಾಲ್ಯದ ಇನ್ನೊಂದು ಕಥೆ ಇದಕ್ಕಿಂತ ಪ್ರಸಿದ್ಧ. ಗಮನ ನಿಲ್ಲದ ಹುಡುಗನನ್ನು ಶಾಲೆಯ ಮೇಷ್ಟರು ಗೋಡೆಯ ಮುಂದೆ ಕೂರಿಸಿ, ಅಲ್ಲೊಂದು ಚುಕ್ಕೆ ಇಟ್ಟು, ಅದನ್ನೇ ನೋಡುತ್ತಿರು ಎಂದರಂತೆ. ರಝಾ ಕುರಿತ ಬಹುತೇಕ ಬರಹಗಳು ಆ ಚುಕ್ಕೆಯಿಂದ ಎಂಬತ್ತರ ದಶಕದ ಬಿಂದುವಿಗೆ ಒಂದೇ ಜಿಗಿತದಲ್ಲಿ ಹಾರುತ್ತವೆ. ಕಥೆ ಸುಳ್ಳೆಂದು ನಾನು ಹೇಳುತ್ತಿಲ್ಲ. ಹೇಳಿದವರು ರಝಾ ಅವರೇ. ಆದರೆ ಚುಕ್ಕೆಗೂ ಬಿಂದುವಿಗೂ ನಡುವೆ ಸುಮಾರು ಐವತ್ತು ವರ್ಷಗಳಿವೆ. ಅಷ್ಟೂ ಕಾಲ ಅವರು ಬೆಟ್ಟ, ಮನೆ, ಬೀದಿ, ಚರ್ಚು, ಮರ, ಸೂರ್ಯ, ಒಣನೆಲ ಇವುಗಳನ್ನು ಬರೆಯುತ್ತಿದ್ದರು. ಆ ಐವತ್ತು ವರ್ಷಗಳನ್ನು ಪೀಠಿಕೆಯೆಂದು ಬಗೆದು ದಾಟಿಹೋಗುವುದು ಹೇಳುವವರಿಗೆ ಸುಲಭ.

ನಾಗಪುರದ ಕಲಾಶಾಲೆಯಲ್ಲಿ ಓದಿ 1943ರಲ್ಲಿ ಮುಂಬೈಗೆ ಬಂದ ರಝಾ ಹೊಟ್ಟೆಪಾಡಿಗಾಗಿ ಮುದ್ರಣದ ಬ್ಲಾಕ್ ತಯಾರಿಸುವ ಒಂದು ಸ್ಟುಡಿಯೊದಲ್ಲಿ ಕೆಲಸಕ್ಕೆ ಸೇರಿದರು, ಜೆ.ಜೆ. ಕಲಾಶಾಲೆಯಲ್ಲೂ ಓದಿದರು. ಕೆಲಸದ ಹೊತ್ತು ತಪ್ಪಿಸಿ ಬರೆದದ್ದು ಜಲವರ್ಣ ಮತ್ತು ಗ್ವಾಶ್ (ಅಪಾರದರ್ಶಕ ಜಲವರ್ಣ) ಚಿತ್ರಗಳನ್ನು. ಮಳೆ ಬಿದ್ದು ಕನ್ನಡಿಯಂತಾದ ರಸ್ತೆ, ಎತ್ತರದಿಂದ ಕಂಡ ಬೀದಿಯ ಇಕ್ಕೆಲದ ಕಟ್ಟಡ, ಆಕಾರ ಕಳೆದುಕೊಂಡು ಒಂದೊಂದು ಬೀಸಿಗೆ ಇಳಿದ ಜನ. ಆ ಕಾಲದ ಮುಂಬೈಯಲ್ಲಿ ನಾಜಿಗಳ ಕಾಟಕ್ಕೆ ಯೂರೋಪು ಬಿಟ್ಟು ಬಂದ ಕೆಲವರಿದ್ದರು. ಟೈಮ್ಸ್ ಆಫ್ ಇಂಡಿಯಾದ ಕಲಾ ನಿರ್ದೇಶಕರಾಗಿದ್ದ ಚಿತ್ರಕಾರ ವಾಲ್ಟರ್ ಲ್ಯಾಂಗ್‌ಹ್ಯಾಮರ್, ವಿಮರ್ಶಕ ರುಡಾಲ್ಫ್ ಫಾನ್ ಲೇಡನ್, ಸಂಗ್ರಾಹಕ ಇಮ್ಯಾನ್ಯುಯೆಲ್ ಶ್ಲೆಸಿಂಗರ್. ಈ ಮೂವರ ಒತ್ತಾಸೆ ರಝಾ ಅವರಿಗೂ ಅವರ ಗೆಳೆಯರಿಗೂ ಸಿಕ್ಕಿತು. ಲ್ಯಾಂಗ್‌ಹ್ಯಾಮರ್ ಅವರ ಬಿಡುಬೀಸಿನ ಕುಂಚದ ಗುರುತು ರಝಾ ಅವರ ಈ ಕಾಲದ ಬಣ್ಣಗಳಲ್ಲಿ ಕಾಣುತ್ತದೆ. 1947ರಲ್ಲಿ ಸೋಜಾ, ಆರಾ, ಹುಸೇನ್, ಗಾಡೆ, ಬಾಕ್ರೆ ಅವರೊಡನೆ ಸೇರಿ ರಝಾ ಪ್ರೊಗ್ರೆಸಿವ್ ಆರ್ಟಿಸ್ಟ್ಸ್ ಗ್ರೂಪ್ ಕಟ್ಟಿದರು. ಉಳಿದವರಲ್ಲಿ ಸೋಜಾ, ಆರಾ, ಹುಸೇನ್ ಮನುಷ್ಯಾಕೃತಿಯ ಕಡೆ ವಾಲಿದ್ದಾಗ ರಝಾ ಅವರ ಚಿತ್ರಗಳಲ್ಲಿ ಮನುಷ್ಯ ಆಗಲೇ ಹಿಂದೆ ಸರಿಯುತ್ತಿದ್ದ.

ಅದೇ ವರ್ಷ ತಾಯಿ ತೀರಿಕೊಂಡರು, ಮರುವರ್ಷ ತಂದೆ. ದೇಶ ಎರಡಾದಾಗ ಅಣ್ಣತಮ್ಮಂದಿರು ಪಾಕಿಸ್ತಾನಕ್ಕೆ ಹೋದರು. ರಝಾ ಇಲ್ಲೇ ಉಳಿದರು. 1948ರಲ್ಲಿ ಅವರು ಕಾಶ್ಮೀರಕ್ಕೆ ಹೋದದ್ದು ಪ್ರವಾಸಿಗರು ಹೋಗುವ ಕಾಲದಲ್ಲಲ್ಲ. ಹಿಂದಿನ ಅಕ್ಟೋಬರಿನಲ್ಲಿ ಬಾರಾಮುಲ್ಲಾ ದಾಳಿಗೆ ತುತ್ತಾಗಿತ್ತು. ಆ ಪಟ್ಟಣದ ಅವಶೇಷಗಳನ್ನು ಅವರು ಬರೆದಿದ್ದಾರೆ: ಗೋಡೆಗಳು ನಿಂತಿವೆ, ಮನೆಯೆನ್ನಿಸುವುದು ಯಾವುದೂ ಉಳಿದಿಲ್ಲ. ಖಾಲಿ ಮನೆಗಳು ಅವರ ಚಿತ್ರಗಳಿಗೆ ಬಂದದ್ದು ಪ್ಯಾರಿಸ್ಸಿನಲ್ಲಿ ಎಂದು ಬರೆಯುವವರು ಈ ಚಿತ್ರವನ್ನು ಮತ್ತೊಮ್ಮೆ ನೋಡಬೇಕು. ಶ್ರೀನಗರದಲ್ಲಿ ಅವರ ಚಿತ್ರಗಳನ್ನು ಕಂಡ ಫ್ರೆಂಚ್ ಛಾಯಾಗ್ರಾಹಕ ಆನ್ರಿ ಕಾರ್ತಿಯೇ-ಬ್ರೆಸೋ, ನಿಮ್ಮಲ್ಲಿ ಪ್ರತಿಭೆಯಿದೆ, ಚಿತ್ರಗಳಲ್ಲಿ ಕಟ್ಟಡವಿಲ್ಲ, ಫ್ರೆಂಚ್ ಚಿತ್ರಕಾರ ಸೆಝಾನನನ್ನು ಅಭ್ಯಾಸ ಮಾಡಿ ಎಂಬ ಅರ್ಥದ ಮಾತು ಹೇಳಿದರು. ಮನೆಗೆ ಅಡಿಪಾಯವೂ ಗೋಡೆಯೂ ತೊಲೆಯೂ ಬೇಕಾದಂತೆ ಚಿತ್ರಕ್ಕೂ ಬೇಕು ಎಂಬುದು ಅದರ ತಿರುಳು. ರಝಾ ಫ್ರೆಂಚ್ ಕಲಿಯತೊಡಗಿದರು. ಫ್ರೆಂಚ್ ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿ, 1950ರಲ್ಲಿ ಹಡಗು ಹತ್ತಿ, ಪ್ಯಾರಿಸ್ಸಿನ ಎಕೋಲ್ ದೆ ಬೋಝಾರ್ ಕಲಾಶಾಲೆ ಸೇರಿದರು.

ಅಲ್ಲಿ ಮೊದಲ ಮೂರು ವರ್ಷಗಳಲ್ಲಿ ಅವರು ಕಾಗದದ ಮೇಲೆ ಗ್ವಾಶ್‌ನಲ್ಲಿ ಬರೆದದ್ದು ಮುಂಬೈಯ ಚಿತ್ರಗಳಿಗೆ ತೀರಾ ವಿರುದ್ಧವಾದದ್ದು. 1951ರ ‘ಓ ದ ಕಾನ್ಯ್’ ಇದಕ್ಕೆ ಒಳ್ಳೆಯ ಉದಾಹರಣೆ. ದಕ್ಷಿಣ ಫ್ರಾನ್ಸಿನ ಗುಡ್ಡದ ಮೇಲಿನ ಊರು ಅದು. ಚಿತ್ರದಲ್ಲಿ ಊರು ಗುಡ್ಡದಿಂದ ಬಿಡಿಸಿಕೊಂಡು ನಿಂತಿದೆ, ಮನೆಗಳು ಪೆಟ್ಟಿಗೆಗಳ ಹಾಗೆ ಒಂದಕ್ಕೊಂದು ಅಂಟಿಕೊಂಡಿವೆ, ಗೆರೆಗಳು ಚಾಕುವಿನಲ್ಲಿ ಕೊರೆದಂತಿವೆ, ಬೀದಿಯಲ್ಲಿ ಒಂದು ಜೀವವೂ ಇಲ್ಲ. ಈ ಕಾಲದ ಕೆಲವು ಚಿತ್ರಗಳಲ್ಲಿ ಆಕಾಶದಲ್ಲಿ ಕಪ್ಪು ಸೂರ್ಯನಿದ್ದಾನೆ. ಮಳೆಯಲ್ಲಿ ಕರಗುತ್ತಿದ್ದ ಮುಂಬೈಯನ್ನು ಬರೆದ ಕೈಯೇ ಇದೂ ಎಂದು ನಂಬುವುದು ಕಷ್ಟ. ಕಾರ್ತಿಯೇ-ಬ್ರೆಸೋ ಹೇಳಿದ ಕಟ್ಟಡವನ್ನು ರಝಾ ಅಕ್ಷರಶಃ ಕಟ್ಟಿಬಿಟ್ಟರೇನೋ ಎಂದು ತಮಾಷೆಗೆ ಅನ್ನಿಸಿದರೂ, ಆ ಬಿಗಿತ ಅವರಿಗೆ ಬೇಕಿತ್ತು. ನಿಸರ್ಗಚಿತ್ರವೆಂದರೆ ಕಂಡದ್ದರ ನಕಲಲ್ಲ, ಚೌಕಟ್ಟಿನೊಳಗೆ ನೆಲಕ್ಕೆ ಬೇರೆಯೇ ಒಂದು ವ್ಯವಸ್ಥೆ ಸಾಧ್ಯ ಎಂಬುದು ಅವರ ಕೈಗೆ ಹತ್ತಿದ್ದು ಇಲ್ಲಿ. ಎಂಬತ್ತರ ದಶಕದ ವೃತ್ತ, ತ್ರಿಕೋನ, ಚೌಕಗಳ ಬೇರನ್ನು ಮೇಷ್ಟರ ಗೋಡೆಯಲ್ಲಿ ಹುಡುಕುವಷ್ಟೇ ಶ್ರದ್ಧೆಯಿಂದ ಈ ಮನೆಗಳಲ್ಲೂ ಹುಡುಕಬಹುದು.

ಆಮೇಲೆ ತೈಲವರ್ಣ ಬಂತು, ಬಣ್ಣ ಮೆತ್ತುವ ಚಾಕು ಪ್ಯಾಲೆಟ್ ನೈಫ್ ಬಂತು. ಮನೆ, ಮರ, ಚರ್ಚುಗಳ ಗೆರೆ ಒಡೆದು ಬಣ್ಣ ದಪ್ಪಗೆ ಮೆತ್ತಿಕೊಂಡಿತು. 1956ರಲ್ಲಿ ಫ್ರೆಂಚ್ ವಿಮರ್ಶಕರು ಕೊಡುವ ಪ್ರಿ ದ ಲಾ ಕ್ರಿಟಿಕ್ ಪ್ರಶಸ್ತಿ ರಝಾ ಅವರಿಗೆ ಸಂದಿತು. ಫ್ರೆಂಚರಲ್ಲದವರಿಗೆ ಅದು ಸಿಕ್ಕಿದ್ದು ಅದೇ ಮೊದಲು. ಲಾರಾ ವ್ಯಾಂಸಿ ಗ್ಯಾಲರಿ ಅವರ ಚಿತ್ರಗಳನ್ನು ಪ್ರದರ್ಶಿಸಿ ಮಾರಿತು. 1959ರಲ್ಲಿ ಸಹಪಾಠಿಯಾಗಿದ್ದ ಕಲಾವಿದೆ ಜಾನೀನ್ ಮೊಂಜಿಲಾ ಅವರನ್ನು ಮದುವೆಯಾದರು. ಅದೇ ವರ್ಷದ ‘ಕಾಲಿಸ್ತೆ’ ಎಂಬ ಚಿತ್ರದ ಹೆಸರು ಕಾರ್ಸಿಕಾ ದ್ವೀಪದ ಹಳೆಯ ಗ್ರೀಕ್ ಹೆಸರು. ಈ ಹತ್ತು ವರ್ಷಗಳ ರಝಾ ಪೂರ್ತಿಯಾಗಿ ಪ್ಯಾರಿಸ್ ಪಂಥದ, ಅಂದರೆ ಆ ನಗರದಲ್ಲಿ ಕೆಲಸ ಮಾಡುತ್ತಿದ್ದ ನಾನಾ ದೇಶಗಳ ಆಧುನಿಕರ ಸಾಲಿನ, ಚಿತ್ರಕಾರ. ಮೊದಲ ಹಣೆಪಟ್ಟಿ ಬಿದ್ದದ್ದು ಹೀಗೆ.

1962ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್‌ಲಿ ಕೇಂದ್ರಕ್ಕೆ ಅತಿಥಿ ಉಪನ್ಯಾಸಕರಾಗಿ ಹೋದದ್ದು ಸಣ್ಣ ಪ್ರಯಾಣ, ಪರಿಣಾಮ ದೊಡ್ಡದು. ಅಮೆರಿಕದಲ್ಲಿ ಅವರು ಅಲ್ಲಿನ ಅಮೂರ್ತ ಚಿತ್ರಕಾರ ಮಾರ್ಕ್ ರಾತ್ಕೊ ಅವರ ಚಿತ್ರಗಳನ್ನು ಕಂಡರು. ಬಣ್ಣದ ಎರಡು ಮೂರು ಪಟ್ಟಿಗಳು ಒಂದರ ಮೇಲೊಂದು ತೇಲುತ್ತ, ಯಾವುದನ್ನೂ ತೋರಿಸದೆಯೇ ನೋಡುವವನ ಮನಸ್ಸನ್ನು ಹಿಡಿದು ನಿಲ್ಲಿಸುವ ಚಿತ್ರಗಳು ಅವು. ಮನೆ ಮರಗಳ ಗುರುತು ಹಿಡಿಯಲಾಗದಿದ್ದರೂ ನೆಲದ ಅನುಭವ ಚಿತ್ರದಲ್ಲಿ ಉಳಿಯಬಹುದು ಎಂಬ ಧೈರ್ಯ ರಝಾ ಅವರಿಗೆ ಅಲ್ಲಿಂದ ಬಂದಿರಬೇಕು. ತೈಲವರ್ಣದ ಜಾಗಕ್ಕೆ ನಿಧಾನವಾಗಿ ಅಕ್ರಿಲಿಕ್ ಬಂದದ್ದೂ ಇದರ ಆಚೆಗೆ. ಬೇಗ ಒಣಗುವ ಈ ಬಣ್ಣ ದಪ್ಪ ಲೇಪಕ್ಕಿಂತ ಚುರುಕಾದ ಬೀಸಿಗೆ ಒಗ್ಗುತ್ತದೆ.

ಇಡೀ ದಾರಿಯಲ್ಲಿ ನನಗೆ ಹೆಚ್ಚು ಮೆಚ್ಚಿಕೆಯಾದ ತಂಗುದಾಣ ಎಪ್ಪತ್ತರ ದಶಕ. ರಝಾ ಮತ್ತೆ ಮತ್ತೆ ಭಾರತಕ್ಕೆ ಬರತೊಡಗಿದ್ದರು: ರಾಜಸ್ಥಾನ, ಸೌರಾಷ್ಟ್ರ, ಕಾಶಿ, ಮಂಡ್ಲಾದ ಕಾಡು. ಚಿತ್ರ ಬರೆದದ್ದು ಮಾತ್ರ ಪ್ಯಾರಿಸ್ಸಿನಲ್ಲಿ, ಇಲ್ಲವೇ ದಕ್ಷಿಣ ಫ್ರಾನ್ಸಿನ ಬೆಟ್ಟದ ಹಳ್ಳಿ ಗೋರ್ಬಿಯೊದಲ್ಲಿ. 1972ರ ‘ತಪೋವನ’ದಲ್ಲೂ 1973ರ ‘ಲಾ ತೆರ್’ (ಭೂಮಿ) ಚಿತ್ರದಲ್ಲೂ ಕಪ್ಪೇ ಮೈ. ಅದರೊಳಗಿಂದ ಕೆಂಪು, ಕಾವಿ, ಹಳದಿಗಳು ಕಾಡ್ಗಿಚ್ಚಿನ ಕಿಡಿಗಳ ಹಾಗೆ ಹೊಮ್ಮುತ್ತವೆ. ಎಲ್ಲಿ ನೆಲ, ಎಲ್ಲಿ ಆಕಾಶ ಎಂದು ತೋರಿಸುವ ದಿಗಂತದ ಗೆರೆಯೇ ಇಲ್ಲ. ಕಾಡಿನೊಳಗೆ ರಾತ್ರಿ ಸಿಕ್ಕಿಕೊಂಡವನಿಗೆ ದಿಗಂತ ಕಾಣುವುದೂ ಇಲ್ಲವಷ್ಟೆ. ಯೂರೋಪಿನ ನಿಸರ್ಗಚಿತ್ರ ದೂರದಲ್ಲಿ ನಿಂತು ಕಿಟಕಿಯಿಂದ ನೋಡಿದ ನೋಟದ ಮೇಲೆ ನಿಂತಿದ್ದರೆ, ಇಲ್ಲಿ ನೋಡುವವನು ನೋಟದ ಒಳಗಿದ್ದಾನೆ. ಇಂಥ ಚಿತ್ರಗಳನ್ನು ಸುಮ್ಮನೆ ಅಮೂರ್ತ ಎಂದು ಕರೆದು ಮುಂದೆ ಸಾಗುವುದು ನನಗೆ ಒಪ್ಪಿಗೆಯಿಲ್ಲ. ಅಮೂರ್ತವಾದದ್ದು ಆಕಾರ ಮಾತ್ರ; ಶಾಖ, ಕತ್ತಲೆ, ಒಣಗಿದ ಮಣ್ಣು ಎಲ್ಲವೂ ಅಲ್ಲೇ ಇವೆ.

ಬಿಂದು ಬಂದದ್ದು ಇದರ ಬೆನ್ನಿಗೇ, 1980ರ ಸುಮಾರಿಗೆ. 1981ರ ‘ಮಾ’ ಎಂಬ ಚಿತ್ರದಲ್ಲಿ ಕಪ್ಪು ವೃತ್ತವಿದೆ, ಪಕ್ಕದಲ್ಲೇ ಎಪ್ಪತ್ತರ ದಶಕದ ಉರಿಯುವ ನೆಲವೂ ಇದೆ, ದೇವನಾಗರಿಯಲ್ಲಿ ಬರೆದ ಹಿಂದಿ ಕವಿತೆಯ ಸಾಲೂ ಇದೆ. ಮರಳಿ ಬರುವಾಗ ಏನು ತರಲಿ ಎಂದು ತಾಯಿಯನ್ನು ಕೇಳುವ ಅಶೋಕ ವಾಜಪೇಯಿ ಅವರ ಸಾಲು. 1983ರ ‘ಸೌರಾಷ್ಟ್ರ’ ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲದ ಕ್ಯಾನ್‌ವಾಸ್. ರಾಜಸ್ಥಾನಿ ಮಿನಿಯೇಚರ್ ವರ್ಣಚಿತ್ರಗಳಲ್ಲಿ ಪುಟವನ್ನು ಅಂಕಣಗಳಾಗಿ ಒಡೆದು ಅಂಚು ಕಟ್ಟುವ ಕ್ರಮವನ್ನು ಅಲ್ಲಿ ನೆಲಕ್ಕೆ ತೊಡಿಸಲಾಗಿದೆ. ಕಡುಗೆಂಪು, ಕಿತ್ತಳೆ, ಹಸಿರುಗಳ ತುಂಡುಗಳ ನಡುವೆ ಕಪ್ಪು ಬಿಂದುವಿಗೂ ಒಂದು ಅಂಕಣ ಸಿಕ್ಕಿದೆ. ಚಿತ್ರಕ್ಕೆ ಇಟ್ಟ ಹೆಸರು ಒಂದು ಪ್ರದೇಶದ್ದು. ಕಾಲಕ್ರಮದಲ್ಲಿ ತೂಗುಹಾಕಿದಾಗ ಮಾತ್ರ ತಿಳಿಯುವ ಸಂಗತಿಯಿದು: ಬಿಂದು ಹೊರಗಿನಿಂದ ಇಳಿದ ಸಂಕೇತವಾಗಿ ಬರಲಿಲ್ಲ. ಐವತ್ತರ ಕಪ್ಪು ಸೂರ್ಯ, ಎಪ್ಪತ್ತರ ಕಪ್ಪು ಕಾಡು ಒಂದೆಡೆ ಗಟ್ಟಿಯಾಗಿ ನೆಲದ ನಡುವೆಯೇ ಅದು ಮೊದಲು ಕಾಣಿಸಿಕೊಂಡಿತು. ನೆಲ ಸುತ್ತಲಿಂದ ಸರಿದು ಬಿಂದು ಒಂಟಿಯಾದದ್ದು ಆಮೇಲೆ.

ಒಂಟಿಯಾದ ಬಿಂದುವಿಗೆ ಭಾರತದಲ್ಲಿ ಎರಡನೆಯ ಹಣೆಪಟ್ಟಿ ಸಿದ್ಧವಿತ್ತು. ಅರವತ್ತರ ದಶಕದ ಕೊನೆಯಿಂದಲೂ ಇಲ್ಲಿನ ಆಧುನಿಕ ಕಲೆಯಲ್ಲಿ ತಂತ್ರಸಾಧನೆಯ ಯಂತ್ರ, ಮಂಡಲಗಳೆಂಬ ರೇಖಾಕೃತಿಗಳ ಬಗ್ಗೆ ಉತ್ಸಾಹ ಎದ್ದಿತ್ತು. ರಝಾ ಆ ಸಾಲಿಗೆ ತಡವಾಗಿ ಬಂದವರೆಂದು ಲೆಕ್ಕಹಾಕಲಾಯಿತು. ಪ್ರಕೃತಿ, ಪುರುಷ, ಪಂಚತತ್ತ್ವ, ಬೀಜ, ಅಂಕುರ ಎಂಬ ಹೆಸರುಗಳನ್ನು ಅವರೂ ಚಿತ್ರಗಳಿಗೆ ಕೊಟ್ಟು ಆ ಲೆಕ್ಕಕ್ಕೆ ಪುಷ್ಟಿ ನೀಡಿದರು. ಬೇರಿಗೆ ಮರಳಿದ ಕಲಾವಿದ ಎಂಬ ಕಥೆ ಎಲ್ಲರಿಗೂ ಹಿತವಾಗಿತ್ತು. ಇನ್ನೂ ಒಂದು ಮಾತು ಹೇಳಿಯೇಬಿಡಬೇಕು. ಕೊನೆಯ ಎರಡು ದಶಕಗಳ ರಝಾ ಚಿತ್ರಗಳಲ್ಲಿ ಪುನರಾವೃತ್ತಿ ಬಹಳ. ಅದೇ ವೃತ್ತ, ಅದೇ ಐದು ಬಣ್ಣ, ಅದೇ ತ್ರಿಕೋನಗಳ ಸಾಲು. ಕೊಳ್ಳುವವರು ಕೇಳಿದ್ದೂ ಅದನ್ನೇ. ಅವರು ಅದನ್ನು ಜಪಕ್ಕೆ ಹೋಲಿಸುತ್ತಿದ್ದರು. ಜಪ ಮಾಡುವವನಿಗೆ ಪುನರಾವೃತ್ತಿಯಿಂದ ದಕ್ಕುವುದು ನೋಡುವವನಿಗೂ ದಕ್ಕಬೇಕೆಂಬ ನಿಯಮವೇನೂ ಇಲ್ಲ. ಈ ಕೊನೆಯ ಚಿತ್ರಗಳ ಸಂಖ್ಯೆಯೂ ಪ್ರಸಿದ್ಧಿಯೂ ಹೆಚ್ಚಾದಷ್ಟೂ ಮೊದಲಿನ ನೆಲ ಮರೆಯಾಯಿತು.

ಹಾಗೆಂದು ಸಿಂಹಾವಲೋಕನಗಳು ನಡೆದೇ ಇರಲಿಲ್ಲವೆಂದಲ್ಲ. 1978ರಲ್ಲಿ ಮಧ್ಯಪ್ರದೇಶ ಸರ್ಕಾರ ಅವರನ್ನು ಕರೆಸಿ, ಗೌರವಿಸಿ, ಭೋಪಾಲದಲ್ಲಿ ಪ್ರದರ್ಶನ ನಡೆಸಿತ್ತು. ಗೋರ್ಬಿಯೊಗೆ ಹತ್ತಿರದ ಮಾಂತೋನ್ ಪಟ್ಟಣದ ಮ್ಯೂಸಿಯಂ 1991ರಲ್ಲಿ ಒಂದನ್ನು ಮಾಡಿತು. ಪ್ಯಾರಿಸ್ ಸುಮ್ಮನಿತ್ತು. ಅದಕ್ಕೆ ಕಾರಣ ರಝಾ ಅವರೊಬ್ಬರಿಗೆ ಸಂಬಂಧಿಸಿದ್ದಲ್ಲ. ಅರವತ್ತರ ದಶಕದಲ್ಲಿ ಆಧುನಿಕ ಕಲೆಯ ಕೇಂದ್ರ ನ್ಯೂಯಾರ್ಕಿಗೆ ಸರಿದು, ಪ್ಯಾರಿಸ್ ಪಂಥವೆಂಬ ಹೆಸರೇ ಹಳತಾಯಿತು. ಆ ಪಂಥದಲ್ಲಿ ಎಣಿಸಲಾಗಿದ್ದ ಎಷ್ಟೋ ಮಂದಿ ವಲಸಿಗ ಚಿತ್ರಕಾರರು ಅದರ ಜೊತೆಗೇ ಬದಿಗೆ ಬಿದ್ದರು. 1977ರಲ್ಲಿ ತೆರೆದ ಪಾಂಪಿಡೂ ಕೇಂದ್ರ 1989ರಲ್ಲಿ ‘ಮಜಿಸ್ಯಾಂ ದ ಲಾ ತೆರ್’ (ಭೂಮಿಯ ಮಾಂತ್ರಿಕರು) ಎಂಬ ಹೆಸರುವಾಸಿ ಪ್ರದರ್ಶನದಲ್ಲಿ ಪಶ್ಚಿಮದ ಆಚೆಗಿನ ಕಲಾವಿದರನ್ನು ಪಶ್ಚಿಮದವರ ಜೊತೆಗೇ ನಿಲ್ಲಿಸಿತು. ಭಾರತದಿಂದ ಅಲ್ಲಿಗೆ ಹೋದವರಲ್ಲಿ ವಾರ್ಲಿ ಚಿತ್ರಕಾರ ಜಿವ್ಯಾ ಸೋಮಾ ಮಾಶೆ, ಮಿಥಿಲೆಯ ಬೌಆ ದೇವಿ, ಗೊಂಡ ಕಲಾವಿದ ಜನಗಢ್ ಸಿಂಗ್ ಶ್ಯಾಮ್ ಇದ್ದರು. ಜನಗಢ್ ಹುಟ್ಟಿದ ಪಾಟನ್‌ಗಢ್ ಆಗ ಮಂಡ್ಲಾ ಜಿಲ್ಲೆಯಲ್ಲೇ ಇತ್ತು. ಒಂದೇ ಕಾಡಿನ ಇಬ್ಬರಲ್ಲಿ ಕಾಡಿನಿಂದ ನೇರವಾಗಿ ಬಂದವರಿಗೆ ಅಲ್ಲಿ ಗೋಡೆ ಸಿಕ್ಕಿತು. ನಲವತ್ತು ವರ್ಷ ಅದೇ ನಗರದಲ್ಲಿದ್ದವರ ಹೆಸರು ಪಟ್ಟಿಯಲ್ಲಿರಲಿಲ್ಲ. ಜನಗಢ್ ಅವರ ಪ್ರತಿಭೆಯ ಬಗ್ಗೆ ಇಲ್ಲಿ ತಕರಾರಿಲ್ಲ. ಆ ಹೊತ್ತಿನ ಕ್ಯುರೇಟರುಗಳಿಗೆ ಬೇಕಿದ್ದದ್ದು ಬೇರೆಯಾಗಿ ಕಾಣುವ ಭಾರತ. ಪ್ಯಾರಿಸ್ಸಿನಲ್ಲಿ ಕಲಿತು, ಎರಡೂ ಕಡೆಯಿಂದ ಎತ್ತಿಕೊಂಡ ಆಧುನಿಕನನ್ನು ಎಲ್ಲಿಡಬೇಕೆಂದು ಅವರಿಗೆ ತಿಳಿದಿರಲಿಲ್ಲ. ಪಶ್ಚಿಮದ ಆಚೆಯೂ ಆಧುನಿಕ ಕಲೆಗೆ ತನ್ನದೇ ಚರಿತ್ರೆಗಳಿವೆ ಎಂದು ಒಪ್ಪಿ ಪಾಂಪಿಡೂ ತನ್ನ ಸಂಗ್ರಹವನ್ನು ‘ಬಹು ಆಧುನಿಕತೆಗಳು’ ಎಂಬ ಹೆಸರಿನಲ್ಲಿ ಹೊಸದಾಗಿ ಜೋಡಿಸಿದ್ದು 2013ರಲ್ಲಿ. 2023ರ ಸಿಂಹಾವಲೋಕನ ಆ ಬದಲಾವಣೆಯ ದಾರಿಯಲ್ಲೇ ಬಂದದ್ದು.

ಈ ನಡುವೆ ಹಣ ಮ್ಯೂಸಿಯಂಗಳಿಗಿಂತ ವೇಗವಾಗಿ ಓಡಿತ್ತು. 2010ರಲ್ಲಿ ಲಂಡನ್ನಿನ ಹರಾಜಿನಲ್ಲಿ ‘ಸೌರಾಷ್ಟ್ರ’ 16 ಕೋಟಿ ರೂಪಾಯಿ ದಾಟಿ ಭಾರತೀಯ ಆಧುನಿಕ ಕಲೆಯ ಆಗಿನ ದಾಖಲೆಯಾಯಿತು. 2018ರಲ್ಲಿ ‘ತಪೋವನ’ ನ್ಯೂಯಾರ್ಕಿನಲ್ಲಿ ಸುಮಾರು 44 ಲಕ್ಷ ಡಾಲರಿಗೆ ಹೋಯಿತು. ಪ್ಯಾರಿಸ್ ಪ್ರದರ್ಶನ ಮುಗಿದ ಮೂರೇ ತಿಂಗಳಲ್ಲಿ, 2023ರ ಆಗಸ್ಟಿನಲ್ಲಿ, 1989ರ ‘ಜೆಸ್ಟೇಶನ್’ ಮುಂಬೈಯಲ್ಲಿ 51.75 ಕೋಟಿ ರೂಪಾಯಿ ತಂದಿತು. ಮರುವರ್ಷ ‘ಕಾಲಿಸ್ತೆ’ಯೂ ನ್ಯೂಯಾರ್ಕಿನಲ್ಲಿ 56 ಲಕ್ಷ ಡಾಲರ್ ಮುಟ್ಟಿತು. ಅದರಲ್ಲಿ ಬಿಂದುವಿನ ಸುಳಿವೂ ಇಲ್ಲ.

ಇಂಥ ಬೆಲೆಯಿರುವಲ್ಲಿ ನಕಲಿ ಹುಟ್ಟದಿರುವುದಿಲ್ಲ. 2009ರಲ್ಲಿ ದೆಹಲಿಯ ಒಂದು ಗ್ಯಾಲರಿಯಲ್ಲಿ ತಮ್ಮ ಆರಂಭಕಾಲದ ಚಿತ್ರಗಳ ಪ್ರದರ್ಶನಕ್ಕೆ ಅತಿಥಿಯಾಗಿ ಬಂದ ರಝಾ, ಗೋಡೆಯ ಮೇಲಿದ್ದವುಗಳಲ್ಲಿ ಹೆಚ್ಚಿನವು ತಾವು ಬರೆದದ್ದೇ ಅಲ್ಲವೆಂದು ಹೇಳಬೇಕಾಯಿತು. ಪ್ರದರ್ಶನ ನಿಂತಿತು. ನಕಲು ಮಾಡಿದವರು ಆರಂಭಕಾಲವನ್ನೇ ಆರಿಸಿಕೊಂಡದ್ದು ಕಾಕತಾಳೀಯವಲ್ಲ. ಮುಂಬೈ ಕಾಲದ ಚಿತ್ರಗಳು ಯಾರ ಬಳಿ ಎಷ್ಟಿವೆ ಎಂಬ ಪಟ್ಟಿ ಇರಲಿಲ್ಲ. ಸಾಮಾನ್ಯ ನೋಡುಗರಿರಲಿ, ವ್ಯಾಪಾರಿಗಳೂ ಅವನ್ನು ಹೆಚ್ಚಾಗಿ ನೋಡಿರಲಿಲ್ಲ. ಕೃತಿಗಳ ಸಮಗ್ರ ಸೂಚಿಯ ಮೊದಲ ಸಂಪುಟ 2016ರಲ್ಲಿ ಬಂದಾಗಲೂ ಅದು ಹಿಡಿದದ್ದು 1958ರಿಂದ 1971ರವರೆಗಿನ ಚಿತ್ರಗಳನ್ನು. ಒಂದು ಮ್ಯೂಸಿಯಂ ಎರವಲು ಪತ್ರ, ಮಾಲೀಕತ್ವದ ಚರಿತ್ರೆ, ಹಳೆಯ ಪ್ರದರ್ಶನದ ದಾಖಲೆ ಇವನ್ನೆಲ್ಲ ತಾಳೆ ನೋಡಿ ನಲವತ್ತರ ದಶಕದ ಒಂದು ಜಲವರ್ಣವನ್ನು ತೂಗುಹಾಕಿತೆಂದರೆ, ಆ ಚಿತ್ರಕ್ಕೆ ಒಂದು ಬಗೆಯ ಜನನಪತ್ರ ಸಿಕ್ಕಂತಾಗುತ್ತದೆ.

ಆದರೆ ಆ ಚಿತ್ರಗಳು ಬಹಳ ದಿನ ಗೋಡೆಯ ಮೇಲಿರಲಾರವು. ಕಾಗದವೂ ಜಲವರ್ಣವೂ ಬೆಳಕಿಗೆ ಬೇಗ ಸೋಲುತ್ತವೆ. ಆದ್ದರಿಂದ ಮ್ಯೂಸಿಯಂಗಳು ಅವನ್ನು ಸುಮಾರು 50 ಲಕ್ಸ್‌ನ ಮಂದ ಬೆಳಕಿನಲ್ಲಿ, ಅದೂ ಕೆಲವೇ ತಿಂಗಳ ಮಟ್ಟಿಗೆ ತೋರಿಸಿ, ಆಮೇಲೆ ವರ್ಷಗಟ್ಟಲೆ ಕತ್ತಲಿನಲ್ಲಿ ಇಡುತ್ತವೆ. ಎಂಬತ್ತರ ದಶಕದ ಅಕ್ರಿಲಿಕ್ ಬಿಂದುಗಳಿಗೆ ಈ ಕಟ್ಟುನಿಟ್ಟು ಇಷ್ಟಿಲ್ಲ. ಅವು ಸಭಾಂಗಣಗಳಲ್ಲೂ ಕಚೇರಿಗಳಲ್ಲೂ ಹಗಲಿಡೀ ತೂಗಾಡಬಲ್ಲವು. ರಝಾ 2016ರ ಜುಲೈ 23ರಂದು ದೆಹಲಿಯಲ್ಲಿ ತೀರಿಕೊಂಡಾಗ, ಅವರ ಇಚ್ಛೆಯಂತೆ ಮಂಡ್ಲಾದಲ್ಲಿ ತಂದೆಯ ಸಮಾಧಿಯ ಪಕ್ಕದಲ್ಲಿ ಮಣ್ಣು ಮಾಡಲಾಯಿತು. ಮುಂಬೈಯ ಮಳೆ, ಬಾರಾಮುಲ್ಲಾದ ಗೋಡೆ, ಕಾನ್ಯ್‌ನ ಖಾಲಿ ಬೀದಿ, ಎಲ್ಲವೂ ಕಾಗದದ ಮೇಲಿನವು, ಪ್ರದರ್ಶನ ಮುಗಿದ ಬಳಿಕ ತಮ್ಮ ತಮ್ಮ ಪೆಟ್ಟಿಗೆಗಳಿಗೆ ಮರಳುತ್ತವೆ, ಮುಂದಿನ ಎರವಲು ಪತ್ರ ಬರುವವರೆಗೆ.